ಬೋಧಪೀಠದಿಂದ ಬರುವ ಭಯದ ಸುದ್ದಿ



ಜನ ಚರ್ಚಿಗೆ ಹೋಗುವುದು ಮನಸ್ಸಿಗೆ ಸಮಾಧಾನ ಸಿಗಲಿ ಎಂದು. ಆದರೆ ಹಾಗೆ ಹೋದ ಹದಿನೇಳು ಹದಿನೆಂಟರ ಹುಡುಗನೋ ಹುಡುಗಿಯೋ ಇದ್ದ ಸಮಾಧಾನವನ್ನೂ ಕಳೆದುಕೊಂಡು ಮನೆಗೆ ಮರಳಿದರೆ? ಪ್ರಸಂಗದ ಮುಕ್ಕಾಲು ಪಾಲು ಯುದ್ಧ, ಭೂಕಂಪ, ಬರಗಾಲ, ಸಾಂಕ್ರಾಮಿಕ ರೋಗಗಳ ವರದಿಯೇ ಆಗಿ, ಉಳಿದ ಕಾಲು ಭಾಗ ‘ಇವೆಲ್ಲ ಅಂತ್ಯಕಾಲದ ಗುರುತುಗಳು’ ಎಂಬ ಎಚ್ಚರಿಕೆಯಾದರೆ? ಕೇಳುವ ಹಿರಿಯರು ತಲೆದೂಗಿ, ಹೊರಗೆ ಬಂದು ಚಹಾ ಕುಡಿದು, ಮರೆತೂಬಿಡುತ್ತಾರೆ. ಎಳೆಯ ಮನಸ್ಸು ಮರೆಯುವುದಿಲ್ಲ. ಅದು ರಾತ್ರಿ ಹಾಸಿಗೆಯಲ್ಲಿ ಲೆಕ್ಕ ಹಾಕುತ್ತದೆ. ಮುಂದಿನ ವರ್ಷ ಕಾಲೇಜಿಗೆ ಸೇರಬೇಕೆ? ಮದುವೆ, ಮನೆ, ಮಕ್ಕಳು ಎಂದು ಯೋಚಿಸುವುದರಲ್ಲಿ ಅರ್ಥವಿದೆಯೆ? ಸಭಾಪಾಲಕರನ್ನು ಕೇಳಿದರೆ ‘ನಿನ್ನ ನಂಬಿಕೆ ಕಡಿಮೆ’ ಎಂದಾರು ಎಂಬ ಅಂಜಿಕೆ. ಮನೆಯಲ್ಲಿ ಕೇಳಿದರೆ ‘ಸುಮ್ಮನೆ ಓದಿಕೋ’ ಎಂದಾರು ಎಂಬ ಸಂಕೋಚ.

ಅಮೆರಿಕದಲ್ಲಿ ಈ ಸಂಕಟಕ್ಕೆ ಒಂದು ಹೆಸರೇ ಹುಟ್ಟಿಕೊಂಡಿದೆ: ‘ರ್‍ಯಾಪ್ಚರ್ ಆಂಗ್ಸೈಟಿ’. ಭಕ್ತರೆಲ್ಲ ಇದ್ದಕ್ಕಿದ್ದಂತೆ ಆಕಾಶಕ್ಕೆ ಎತ್ತಲ್ಪಟ್ಟು ತಾನೊಬ್ಬನೇ ಉಳಿದುಬಿಟ್ಟರೆ ಎಂಬ ಆತಂಕ ಅದು. 1972ರ ‘ಎ ಥೀಫ್ ಇನ್ ದಿ ನೈಟ್’ ಎಂಬ ಚಲನಚಿತ್ರವನ್ನು ಅಲ್ಲಿನ ಚರ್ಚುಗಳಲ್ಲಿ ಯುವಜನರಿಗೆ ತೋರಿಸುತ್ತಿದ್ದರು. ಅದನ್ನು ನೋಡಿ ಬೆಳೆದ ಅನೇಕರು ಹೇಳಿಕೊಂಡ ಅನುಭವ ಒಂದೇ. ಶಾಲೆಯಿಂದ ಬಂದಾಗ ಮನೆಯಲ್ಲಿ ಯಾರೂ ಕಾಣದಿದ್ದರೆ, ಅಮ್ಮ ಅಂಗಡಿಗೆ ಹೋಗಿರಬಹುದೆಂದು ಅವರಿಗೆ ಹೊಳೆಯುತ್ತಿರಲಿಲ್ಲ. ‘ಎಲ್ಲರೂ ಹೋದರು, ನಾನು ಉಳಿದೆ’ ಎಂದೇ ಅನ್ನಿಸುತ್ತಿತ್ತು.

ಇದು ನಂಬಿಕೆಗೆ ವಿರುದ್ಧವಾದ ಮಾತಲ್ಲ. ಕ್ರಿಸ್ತನ ಎರಡನೆಯ ಬರೋಣವು ಕ್ರೈಸ್ತ ವಿಶ್ವಾಸದ ಮೂಲಪಾಠಗಳಲ್ಲೊಂದು. ಅದನ್ನು ಬೋಧಿಸಬಾರದೆಂದು ಯಾರೂ ಹೇಳಲಾರರು. ಪ್ರಶ್ನೆ ಇರುವುದು ಬೇರೆ ಕಡೆ. ಈ ವಾರದ ಸುದ್ದಿಯನ್ನು ಆ ವಿಶ್ವಾಸಕ್ಕೆ ಗಂಟು ಹಾಕಿದಾಗ ಸುದ್ದಿಗೆ ಏನಾಗುತ್ತದೆ, ವಿಶ್ವಾಸಕ್ಕೆ ಏನಾಗುತ್ತದೆ, ಕೇಳುವ ಎಳೆಯರಿಗೆ ಏನಾಗುತ್ತದೆ ಎಂಬುದನ್ನು ನೋಡಬೇಕು. ಈ ಪ್ರಶ್ನೆಗೆ ಚರಿತ್ರೆಯಲ್ಲಿ ಸ್ಪಷ್ಟವಾದ ಸಾಕ್ಷ್ಯಗಳಿವೆ.

ಪೋರ್ಟ್‌ಲ್ಯಾಂಡಿನ ಹುಡುಗಿ

1840ರ ಮಾರ್ಚ್ ತಿಂಗಳು. ಅಮೆರಿಕದ ಮೇನ್ ಸಂಸ್ಥಾನದ ಪೋರ್ಟ್‌ಲ್ಯಾಂಡ್ ಪಟ್ಟಣಕ್ಕೆ ವಿಲಿಯಂ ಮಿಲ್ಲರ್ ಎಂಬ ಬೋಧಕ ಬಂದ. ಆತ ನ್ಯೂಯಾರ್ಕ್ ಸಂಸ್ಥಾನದ ರೈತ. 1812ರ ಯುದ್ಧದಲ್ಲಿ ಸೈನಿಕನಾಗಿ ಹೋರಾಡಿದವನು. ದಾನಿಯೇಲನ ಗ್ರಂಥದಲ್ಲಿ ಬರುವ 2300 ದಿನಗಳನ್ನು 2300 ವರ್ಷಗಳೆಂದು ಎಣಿಸಿ, 1843ರ ಸುಮಾರಿಗೆ ಕ್ರಿಸ್ತನ ಪುನರಾಗಮನ ಆಗುತ್ತದೆಂದು ಆತ ಲೆಕ್ಕ ಕಟ್ಟಿದ್ದ. ಮಿಲ್ಲರ್ ಗಂಟಲು ಹರಿದುಕೊಂಡು ಕೂಗುವವನಲ್ಲ. ವರ್ಷಗಳನ್ನು ಕೂಡಿ ಕಳೆದು ತೋರಿಸುವ ಆತನ ಶಾಂತ ರೀತಿಯೇ ಜನರನ್ನು ಹೆಚ್ಚು ನಡುಗಿಸಿತು.

ಅವನ ಮಾತು ಕೇಳಿದವರಲ್ಲಿ ಟೋಪಿ ತಯಾರಿಸುವ ಮೆಥಡಿಸ್ಟ್ ಕುಟುಂಬವೊಂದರ ಹನ್ನೆರಡು ವರ್ಷದ ಹುಡುಗಿಯೊಬ್ಬಳಿದ್ದಳು. ಹೆಸರು ಎಲೆನ್ ಹಾರ್ಮನ್. ಒಂಬತ್ತರ ವಯಸ್ಸಿನಲ್ಲಿ ಯಾರೋ ಎಸೆದ ಕಲ್ಲು ಮುಖಕ್ಕೆ ಬಡಿದು, ಆರೋಗ್ಯ ಕೆಟ್ಟು, ಶಾಲೆ ಬಿಡಬೇಕಾಗಿ ಬಂದಿದ್ದ ಹುಡುಗಿ. ನರಕದ ಬೆಂಕಿಯನ್ನು ಕಣ್ಣಿಗೆ ಕಟ್ಟುವಂತೆ ಬಣ್ಣಿಸುವ ಪ್ರಸಂಗಗಳನ್ನು ಅವಳು ಮೊದಲೇ ಕೇಳಿದ್ದಳು. ಈಗ ಅದಕ್ಕೆ ಒಂದು ವರ್ಷವೂ ನಿಗದಿಯಾಯಿತು. ರಾತ್ರಿ ನಿದ್ದೆಯಿಲ್ಲದೆ ಅಳುತ್ತಿದ್ದುದನ್ನು, ಯಾರಿಗೂ ಹೇಳಿಕೊಳ್ಳಲಾಗದೆ ಒಳಗೇ ನವೆದುದನ್ನು ಮುಂದೆ ಅವಳೇ ತನ್ನ ಜೀವನವೃತ್ತಾಂತದಲ್ಲಿ ಬರೆದಳು.

ಕಡೆಗೊಮ್ಮೆ ತಾಯಿಯೊಡನೆ ಬಾಯಿಬಿಟ್ಟಾಗ, ತಾಯಿ ಅವಳನ್ನು ಪೋರ್ಟ್‌ಲ್ಯಾಂಡಿನಲ್ಲಿ ಬೋಧಿಸುತ್ತಿದ್ದ ಲೆವಿ ಸ್ಟಾಕ್‌ಮನ್ ಎಂಬ ಮೆಥಡಿಸ್ಟ್ ಬೋಧಕರ ಬಳಿಗೆ ಕಳಿಸಿದಳು. ಸ್ಟಾಕ್‌ಮನ್ ಗದರಲಿಲ್ಲ, ನಂಬಿಕೆ ಸಾಲದೆಂದು ಹೇಳಲಿಲ್ಲ. ಹುಡುಗಿ ಹೇಳಿದ್ದನ್ನೆಲ್ಲ ಕೇಳಿ, ಅವಳ ತಲೆಯ ಮೇಲೆ ಕೈಯಿಟ್ಟು, ದೇವರು ತಂದೆಯಂತೆ ಪ್ರೀತಿಸುವವನು, ಮಕ್ಕಳ ನಾಶದಲ್ಲಿ ಅವನಿಗೆ ಸಂತೋಷವಿಲ್ಲ ಎಂಬರ್ಥದ ಮಾತು ಹೇಳಿದರು. ಅದುವರೆಗೆ ಕೇಳಿದ ಪ್ರಸಂಗಗಳೆಲ್ಲ ಸೇರಿ ತಿಳಿಸದಿದ್ದ ದೇವರ ಪ್ರೀತಿ ಆ ಕೆಲವೇ ನಿಮಿಷಗಳಲ್ಲಿ ತಿಳಿಯಿತು ಎಂಬುದು ಎಲೆನ್ ಕೊಟ್ಟ ಸಾಕ್ಷ್ಯ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಸ್ಟಾಕ್‌ಮನ್ ಅವರೂ ಮಿಲ್ಲರನ ಲೆಕ್ಕವನ್ನು ಒಪ್ಪಿದವರೇ. ಅದಕ್ಕಾಗಿ ತಮ್ಮ ಸಭೆಯ ಹಿರಿಯರ ಅಸಮಾಧಾನವನ್ನೂ ಕಟ್ಟಿಕೊಂಡವರು. ಹಾಗಾದರೆ ವ್ಯತ್ಯಾಸ ಎಲ್ಲಿತ್ತು? ಮಿಲ್ಲರ್ ಇಡೀ ಲೋಕವನ್ನು ಉದ್ದೇಶಿಸಿ ಮಾತನಾಡಿದ್ದ. ಸ್ಟಾಕ್‌ಮನ್ ಎದುರಿಗೆ ಕುಳಿತ ಒಬ್ಬ ಹುಡುಗಿಯ ಮಾತು ಕೇಳಿದರು.

ನಾಲ್ಕು ಸುದ್ದಿಗಳ ಕಥೆ

ಆ ಕಾಲದ ಬೋಧಕರ ಪ್ರಸಂಗಗಳಲ್ಲೂ, ಅವರ ಹಾದಿಯಲ್ಲಿ ಮುಂದೆ ಬಂದವರ ಬರಹಗಳಲ್ಲೂ ಗುರುತುಗಳೆಂದು ಎತ್ತಿ ತೋರಿಸಲಾದ ಸುದ್ದಿಗಳಲ್ಲಿ ನಾಲ್ಕು ಮುಖ್ಯ. ಒಂದು, 1755ರ ಲಿಸ್ಬನ್ ಭೂಕಂಪ. ಎರಡು, 1780ರ ‘ಕತ್ತಲ ದಿನ’. ಮೂರು, 1833ರ ನಕ್ಷತ್ರಗಳ ಮಳೆ. ನಾಲ್ಕು, 1840ರ ತುರ್ಕಿ ಸುಲ್ತಾನನ ಸಂಕಟ. ಇವು ಕಟ್ಟುಕಥೆಗಳಲ್ಲ, ನಿಜವಾಗಿ ನಡೆದವು. ಅವುಗಳಿಗೆ ಮುಂದೇನಾಯಿತು ಎಂಬುದನ್ನು ನೋಡೋಣ.

1755ರ ನವೆಂಬರ್ 1, ಸಕಲ ಸಂತರ ಹಬ್ಬ. ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್ನಿನ ಚರ್ಚುಗಳು ಬೆಳಗಿನ ಪೂಜೆಗೆ ಕಿಕ್ಕಿರಿದಿದ್ದವು. ಆ ಹೊತ್ತಿಗೇ ಭೂಮಿ ನಡುಗಿತು. ಬಳಿಕ ಸಮುದ್ರ ಉಕ್ಕಿ ಬಂತು. ಹಬ್ಬಕ್ಕೆ ಹಚ್ಚಿದ ಮೇಣದ ಬತ್ತಿಗಳಿಂದಲೂ ಒಲೆಗಳಿಂದಲೂ ಬೆಂಕಿ ಹತ್ತಿ ನಗರ ದಿನಗಟ್ಟಲೆ ಉರಿಯಿತು. ಸತ್ತವರು ಹತ್ತಾರು ಸಾವಿರ. ಗಾಬ್ರಿಯೇಲ್ ಮಲಗ್ರಿಡಾ ಎಂಬ ವೃದ್ಧ ಜೆಸ್ವಿಟ್ ಪಾದ್ರಿ, ಇದು ಪ್ರಕೃತಿಯ ಕೆಲಸವಲ್ಲ, ಪಾಪಕ್ಕೆ ಬಂದ ಶಿಕ್ಷೆ; ಮನೆ ಕಟ್ಟುವುದಕ್ಕಿಂತ ಪಶ್ಚಾತ್ತಾಪ ಪಡುವುದು ಮುಖ್ಯ ಎಂಬರ್ಥದಲ್ಲಿ ಬೋಧಿಸಿದ, 1756ರಲ್ಲಿ ಪುಸ್ತಿಕೆಯನ್ನೂ ಹೊರಡಿಸಿದ. ಮುಂದೆ ಪೊಂಬಾಲಿನ ಮಾರ್ಕ್ವಿಸ್ ಎಂದು ಹೆಸರಾದ ಮಂತ್ರಿ ಬೇರೊಂದು ದಾರಿ ಹಿಡಿದ. ಹೆಣಗಳ ವಿಲೇವಾರಿ, ಉಳಿದವರಿಗೆ ಅನ್ನ, ಬೀದಿಗಳ ಹೊಸ ನಕ್ಷೆ ಇವು ಅವನ ಕೆಲಸವಾದವು. ಜೊತೆಗೆ, ದೇಶದ ಪ್ಯಾರಿಷ್‌ಗಳಿಗೆಲ್ಲ ಒಂದು ಪ್ರಶ್ನಾವಳಿ ಹೋಯಿತು. ಕಂಪನ ಎಷ್ಟು ಹೊತ್ತು ಇತ್ತು? ಮೊದಲು ಸಮುದ್ರ ಏರಿತೋ ಇಳಿಯಿತೋ? ಎಷ್ಟು ಮನೆ ಬಿದ್ದವು? ಉತ್ತರ ಬರೆದವರು ಹಳ್ಳಿಗಳ ಪಾದ್ರಿಗಳೇ. ಭೂಕಂಪವನ್ನು ಲೆಕ್ಕವಿಟ್ಟು ಅಧ್ಯಯನ ಮಾಡುವ ವಿಜ್ಞಾನಕ್ಕೆ ಆ ಉತ್ತರಗಳು ಮೊದಲ ಮೆಟ್ಟಿಲಾದವು. ಈ ಮಂತ್ರಿ ಸಾಧುವೇನಲ್ಲ. ಮಲಗ್ರಿಡಾನನ್ನು ಮೊದಲು ಗಡಿಪಾರು ಮಾಡಿದ. 1761ರಲ್ಲಿ ಆ ಮುದುಕನನ್ನು ಕೊಲ್ಲಿಸಿದ್ದು ರಾಜಕೀಯ ಹಗೆಯ ಕ್ರೌರ್ಯ. ಆದರೂ ಒಂದೇ ಸುದ್ದಿಗೆ ಎರಡು ಬಗೆಯ ಉತ್ತರ ಇರುತ್ತದೆ ಎಂಬುದನ್ನು ಲಿಸ್ಬನ್ ತೋರಿಸಿಕೊಟ್ಟಿತು.

ಎರಡನೆಯದು ಕತ್ತಲ ದಿನ. 1780ರ ಮೇ 19ರಂದು ಅಮೆರಿಕದ ಈಶಾನ್ಯ ಭಾಗದಲ್ಲಿ ಹಾಡಹಗಲೇ ಕತ್ತಲಾಯಿತು. ಕೋಳಿಗಳು ಗೂಡು ಸೇರಿದವು, ಜನ ದೀಪ ಹಚ್ಚಿ ಊಟ ಮಾಡಿದರು. ಕೆನಡಾದ ಒಂಟಾರಿಯೊ ಪ್ರದೇಶದ ಮರಗಳ ವಾರ್ಷಿಕ ಉಂಗುರಗಳನ್ನು ಪರೀಕ್ಷಿಸಿದ ಸಂಶೋಧಕರು, ಆ ಕಾಲದ ಭಾರಿ ಕಾಳ್ಗಿಚ್ಚಿನ ಗಾಯದ ಗುರುತುಗಳನ್ನು ಅಲ್ಲಿ ಕಂಡರು. ಕತ್ತಲಿಗೆ ಕಾರಣ ಆ ಹೊಗೆ ಎಂಬುದು ಇಂದಿನ ತಿಳಿವಳಿಕೆ.

ಮೂರನೆಯದು 1833ರ ನವೆಂಬರ್ 13ರ ಬೆಳಗಿನ ಜಾವದ ಉಲ್ಕಾವೃಷ್ಟಿ. ಗಂಟೆಗೆ ಹತ್ತಾರು ಸಾವಿರ ಉಲ್ಕೆಗಳು ಉದುರಿದವು. ಆಕಾಶವೇ ಕಳಚಿ ಬೀಳುತ್ತಿದೆ ಎಂದು ಜನ ಮೊಣಕಾಲೂರಿದರು. ಯೇಲ್ ಕಾಲೇಜಿನ ಪ್ರಾಧ್ಯಾಪಕ ಡೆನಿಸನ್ ಓಲ್ಮ್‌ಸ್ಟೆಡ್ ದಿನಪತ್ರಿಕೆಗೆ ಬರೆದು, ಯಾರು ಎಲ್ಲಿಂದ ಏನು ಕಂಡರೋ ತಿಳಿಸಿರೆಂದು ಓದುಗರನ್ನು ಕೇಳಿಕೊಂಡ. ಬಂದ ಪತ್ರಗಳನ್ನು ಜೋಡಿಸಿದಾಗ, ಉಲ್ಕೆಗಳೆಲ್ಲ ಸಿಂಹರಾಶಿಯ ಒಂದೇ ಬಿಂದುವಿನಿಂದ ಹೊರಟಂತೆ ಕಂಡವೆಂದು ಗೊತ್ತಾಯಿತು. ಟೆಂಪಲ್–ಟಟಲ್ ಧೂಮಕೇತು ಬಿಟ್ಟುಹೋದ ಧೂಳಿನಿಂದ ಆಗುವ ಈ ‘ಲಿಯೊನಿಡ್’ ವೃಷ್ಟಿ ಸುಮಾರು 33 ವರ್ಷಕ್ಕೊಮ್ಮೆ ಜೋರಾಗುತ್ತದೆ. 1866ರಲ್ಲೂ 1966ರಲ್ಲೂ ಅದು ಮರಳಿ ಬಂತು.

ನಾಲ್ಕನೆಯದು ಅಪ್ಪಟ ವಿದೇಶಾಂಗ ಸುದ್ದಿ. ಮಿಲ್ಲರನ ಸಂಗಡಿಗ ಜೊಸಾಯ ಲಿಚ್, 1840ರ ಆಗಸ್ಟ್ 11ಕ್ಕೆ ತುರ್ಕಿ ಸಾಮ್ರಾಜ್ಯದ ಅಧಿಕಾರ ಮುಗಿಯುತ್ತದೆಂದು ಪ್ರಕಟನೆ ಗ್ರಂಥದಿಂದ ಲೆಕ್ಕ ತೆಗೆದಿದ್ದ. ಈಜಿಪ್ಟಿನ ಮಹಮ್ಮದ್ ಅಲಿಯಿಂದ ಸುಲ್ತಾನನನ್ನು ಕಾಪಾಡಲು ಯೂರೋಪಿನ ನಾಲ್ಕು ರಾಷ್ಟ್ರಗಳು ಆ ತಿಂಗಳಲ್ಲೇ ಕೈಹಾಕಿದವು. ‘ನೋಡಿ, ಸುಲ್ತಾನನ ಸ್ವಾತಂತ್ರ್ಯ ಮುಗಿಯಿತು, ಲೆಕ್ಕ ಸರಿಯಾಯಿತು’ ಎಂದು ಸಂಗಡಿಗರು ಸಾರಿದರು. ಮಿಲ್ಲರ್ ಪಂಥಕ್ಕೆ ಜನ ಹರಿದು ಬರಲು ಇದೂ ಒಂದು ಕಾರಣ. ಆದರೆ ತುರ್ಕಿ ಸುಲ್ತಾನರ ಆಳ್ವಿಕೆ ರದ್ದಾದದ್ದು 1922ರಲ್ಲಿ, ಅಂದರೆ 82 ವರ್ಷಗಳ ಬಳಿಕ.

ನಾಲ್ಕು ಸುದ್ದಿಗಳೂ ಸತ್ಯ. ಅವುಗಳ ಮೇಲೆ ಹೊರಿಸಿದ ಅರ್ಥ ನಿಲ್ಲಲಿಲ್ಲ. ಸುದ್ದಿಯನ್ನು ‘ಗುರುತು’ ಎಂದು ತೆಗೆದುಕೊಂಡಲ್ಲಿ ವಿಚಾರ ಅಲ್ಲಿಗೇ ಮುಗಿಯಿತು. ‘ಪ್ರಶ್ನೆ’ ಎಂದು ತೆಗೆದುಕೊಂಡಲ್ಲಿ ಕೆಲಸ ಶುರುವಾಯಿತು.

ತಾರೀಖು ದಾಟಿದ ಮೇಲೆ

ಮಿಲ್ಲರನ ವರ್ಷ ದಾಟಿತು. ಸಂಗಡಿಗರು ಲೆಕ್ಕ ತಿದ್ದಿ 1844ರ ಅಕ್ಟೋಬರ್ 22 ಎಂದು ದಿನವನ್ನೇ ಗೊತ್ತುಮಾಡಿದರು. ಅನುಯಾಯಿಗಳು 50 ಸಾವಿರದಿಂದ 1 ಲಕ್ಷ ಇದ್ದರೆಂಬುದು ಇತಿಹಾಸಕಾರರ ಅಂದಾಜು. ಕೆಲವರು ಅಂಗಡಿ ಮುಚ್ಚಿದರು, ಕೆಲವರು ಬೆಳೆದು ನಿಂತ ಬೆಳೆಯನ್ನು ಹೊಲದಲ್ಲೇ ಬಿಟ್ಟರು. ರಾತ್ರಿ ಕಳೆದು ಎಂದಿನಂತೆ ಬೆಳಗಾಯಿತು. ಚರಿತ್ರೆಯಲ್ಲಿ ಇದಕ್ಕೆ ‘ಮಹಾ ನಿರಾಶೆ’ ಎಂದು ಹೆಸರು. ನಂಬಿದವರಿಗೆ ಉಳಿದದ್ದು ಅಳು, ಸಾಲ ಮತ್ತು ನೆರೆಹೊರೆಯವರ ಅಪಹಾಸ್ಯ. ತನ್ನ ಲೆಕ್ಕದಲ್ಲಿ ತಪ್ಪಿತ್ತೆಂದು ಮಿಲ್ಲರ್ ಪ್ರಾಮಾಣಿಕವಾಗಿ ಒಪ್ಪಿಕೊಂಡ, 1849ರಲ್ಲಿ ತೀರಿಕೊಂಡ. ಎಲೆನ್ ಹಾರ್ಮನ್ ಮುಂದೆ ಎಲೆನ್ ವೈಟ್ ಎಂಬ ಹೆಸರಿನಿಂದ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಯ ಸ್ಥಾಪಕರಲ್ಲಿ ಒಬ್ಬಳಾದಳು. 1863ರಲ್ಲಿ ವ್ಯವಸ್ಥಿತ ರೂಪ ಪಡೆದ ಆ ಸಭೆ ಬರೋಣವನ್ನು ಎದುರುನೋಡುತ್ತದೆಯೇ ಹೊರತು ತಾರೀಖು ಇಡುವುದಿಲ್ಲ. ಪೆಟ್ಟು ತಿಂದು ಕಲಿತ ಪಾಠ ಅದು.

ಎಲ್ಲರೂ ಕಲಿಯಲಿಲ್ಲ. 1970ರಲ್ಲಿ ಹಾಲ್ ಲಿಂಡ್ಸೆ ಎಂಬ ಲೇಖಕ 1948ರ ಇಸ್ರೇಲ್ ಸ್ಥಾಪನೆಯಿಂದ ಒಂದು ತಲೆಮಾರು ಎಂದು ಎಣಿಸಿದ. ಪುಸ್ತಕ ಕೋಟಿಗೂ ಮೀರಿ ಮಾರಾಟವಾಯಿತು. 1988ರಲ್ಲಿ ಎಡ್ಗರ್ ವಿಸೆನಂಟ್ ಎಂಬ ನಿವೃತ್ತ ಇಂಜಿನಿಯರ್ ಆ ವರ್ಷವೇ ಅದು ಆಗುತ್ತದೆ ಎಂಬುದಕ್ಕೆ 88 ಕಾರಣ ಕೊಟ್ಟ. ಇನ್ನೂ ಸ್ವಾರಸ್ಯದ ಸಂಗತಿ ಜಾನ್ ವಾಲ್ವೂರ್ಡರದು. 1974ರ ತೈಲ ಬಿಕ್ಕಟ್ಟಿನ ವೇಳೆ ಅವರು ಬರೆದ ಪುಸ್ತಕವನ್ನೇ 1990ರಲ್ಲಿ, ಸದ್ದಾಂ ಹುಸೇನನ ಸೇನೆ ಕುವೈತಿಗೆ ನುಗ್ಗಿದಾಗ, ತಿದ್ದಿ ಮತ್ತೆ ಅಚ್ಚು ಹಾಕಲಾಯಿತು. ಸುದ್ದಿ ಬದಲಾಗಿತ್ತು, ಸಾರಾಂಶ ಅದೇ.

ದಕ್ಷಿಣ ಕೊರಿಯಾದಲ್ಲಿ 1992ರ ಅಕ್ಟೋಬರ್ 28ಕ್ಕೆ ಭಕ್ತರು ಎತ್ತಲ್ಪಡುತ್ತಾರೆಂದು ಸಾರಿದ ಪಂಗಡವೊಂದನ್ನು ನಂಬಿ ಜನ ನೌಕರಿ ಬಿಟ್ಟರು, ಆಸ್ತಿ ಮಾರಿದರು. ಪಂಗಡದ ನಾಯಕ ಲೀ ಜಾಂಗ್–ರಿಮ್ ಮಾತ್ರ 1993ರಲ್ಲಿ ಹಣ ಕೈಗೆ ಬರುವಂಥ ಬಾಂಡುಗಳನ್ನು ಕೊಂಡಿಟ್ಟಿದ್ದ! ವಂಚನೆಯ ಆರೋಪ ಸಾಬೀತಾಗಿ ಜೈಲಿಗೆ ಹೋದ. ಅಮೆರಿಕದ ರೇಡಿಯೊ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ 2011ರ ಮೇ 21 ಎಂದ. ಫಲಕಗಳು ಹಲವು ದೇಶಗಳಲ್ಲಿ ಎದ್ದವು. ದಿನ ದಾಟಿತು, ಅಕ್ಟೋಬರ್ 21 ಎಂದ. ಅದೂ ದಾಟಿತು. 2012ರಲ್ಲಿ, ತಾರೀಖು ಹೇಳಿದ್ದೇ ಪಾಪವಾಯಿತೆಂದು ಪತ್ರ ಬರೆದ. ಆದರೆ ಆ ಕೆಲವು ತಿಂಗಳು ನಿದ್ದೆಗೆಟ್ಟ ಎಳೆಯರಿಗೆ ಅಂಥ ಪತ್ರದಿಂದ ಏನು ಪರಿಹಾರ?

ಹಸಿವಿನ ವರ್ಷ, ಕನ್ನಡದ ಪತ್ರಿಕೆ

ಈ ಕಥೆಗೆ ಕನ್ನಡನಾಡಿನ ಕೊಂಡಿಯೂ ಒಂದಿದೆ. 1815ರ ಏಪ್ರಿಲಿನಲ್ಲಿ ಇಂಡೊನೇಷ್ಯಾದ ತಂಬೋರ ಜ್ವಾಲಾಮುಖಿ ಸಿಡಿಯಿತು. ಅದರ ಧೂಳು ಮುಗಿಲಿಗೇರಿ ಸೂರ್ಯನ ಬಿಸಿಲನ್ನು ತಗ್ಗಿಸಿದ್ದರಿಂದ 1816ರಲ್ಲಿ ಯೂರೋಪಿಗೆ ಬೇಸಿಗೆಯೇ ಬರಲಿಲ್ಲ. ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯಲ್ಲಿ ಬೆಳೆ ಕೊಳೆತು ಜನ ಉಪವಾಸ ಬಿದ್ದರು. ಕಾರಣ ಆಗ ಯಾರಿಗೂ ತಿಳಿಯದು. ಅಲ್ಲಿನ ‘ಪಯಟಿಸ್ಟ್’ ಭಕ್ತರ ನಡುವೆ ಬೆಂಗೆಲ್ ಎಂಬ ಹಿಂದಿನ ಶತಮಾನದ ಪಂಡಿತ ಹಾಕಿಟ್ಟ ಲೆಕ್ಕ ಪ್ರಚಲಿತವಾಗಿತ್ತು. ಅದರಂತೆ 1836ರಲ್ಲಿ ಹೊಸ ಯುಗ ಶುರುವಾಗಬೇಕು. ಹಸಿವೂ ಆ ಲೆಕ್ಕವೂ ಸೇರಿ, ಸಾವಿರಾರು ಜನ ಮನೆಮಠ ಮಾರಿ ರಷ್ಯದ ದಕ್ಷಿಣ ಸೀಮೆಗೂ ಕಾಕಸಸ್ ಬೆಟ್ಟಗಳ ಕಡೆಗೂ ಗುಳೆ ಹೊರಟರು. ದಾರಿಯಲ್ಲೇ ಅನೇಕರು ರೋಗದಿಂದ ಸತ್ತರು. ಊರಿನಲ್ಲಿ ಉಳಿದವರಿಗಾಗಿ ಅಲ್ಲಿನ ರಾಜ ಒಂದನೆಯ ವಿಲ್ಹೆಲ್ಮ್ 1818ರಲ್ಲಿ ಹೋಹೆನ್‌ಹೈಮಿನಲ್ಲಿ ಕೃಷಿ ಶಾಲೆ ತೆರೆದ. ಅದು ಇಂದು ವಿಶ್ವವಿದ್ಯಾನಿಲಯ.

ಬೆಂಗೆಲ್ ಬಗ್ಗೆ ಒಂದು ಮಾತು ಹೇಳಲೇಬೇಕು. 1836 ವಿಶೇಷವೇನೂ ನಡೆಯದೆ ದಾಟಿದರೆ ತನ್ನ ಪದ್ಧತಿಯಲ್ಲೇ ಮೂಲಭೂತ ದೋಷವಿದೆಯೆಂದು ತಿಳಿಯಬೇಕು ಎಂದು ಆತ ಮೊದಲೇ ಬರೆದಿಟ್ಟಿದ್ದ. ಅಷ್ಟು ವಿನಯ ಎಲ್ಲ ಲೆಕ್ಕಿಗರಿಗೂ ಇರುವುದಿಲ್ಲ.

1836 ಬಂತು, ಹೋಯಿತು. ಅದೇ ವರ್ಷ ವ್ಯೂರ್ಟೆಂಬರ್ಗಿನಿಂದ ಬಂದ ಒಬ್ಬ ತರುಣ ಮಂಗಳೂರಿನಲ್ಲಿ ಇಳಿದ. ಆತ ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗ್. ಬಂದದ್ದು ಮತಪ್ರಚಾರಕ್ಕೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರತಂದು ಕನ್ನಡಕ್ಕೆ ಮೊದಲ ಪತ್ರಿಕೆ ಕೊಟ್ಟವನೂ ಅವನೇ. ಆ ತಾರೀಖನ್ನು ಮಿಲ್ಲರನ ಪಂಚಾಂಗದ ಪಕ್ಕ ಇಟ್ಟು ನೋಡಿ. 1843ರ ಮಾರ್ಚಿನಿಂದ 1844ರ ಮಾರ್ಚಿನ ನಡುವೆ ಲೋಕ ಮುಗಿಯಬೇಕಿತ್ತು. ಅಮೆರಿಕದಲ್ಲಿ ಜನ ಆಕಾಶ ನೋಡುತ್ತಿದ್ದ ಆ ತಿಂಗಳುಗಳಲ್ಲೇ ಮಂಗಳೂರಿನಲ್ಲಿ ಊರ ಸುದ್ದಿ, ಸರ್ಕಾರದ ಕಾನೂನು, ಪರರಾಜ್ಯದ ವರ್ತಮಾನಗಳನ್ನು ಕನ್ನಡದಲ್ಲಿ ಓದುವ ಅಭ್ಯಾಸ ಶುರುವಾಯಿತು. ಅದೇ ಮಿಶನ್ನಿನ ಕಿಟ್ಟೆಲ್, ಸುಮಾರು 70 ಸಾವಿರ ಪದಗಳ ನಿಘಂಟನ್ನು 1894ರಲ್ಲಿ ಮಂಗಳೂರಿನಿಂದ ಪ್ರಕಟಿಸಿದರು. ನಾಳೆಯೇ ಲೋಕ ಮುಗಿಯುತ್ತದೆ ಎಂದು ಕೈಕಟ್ಟಿ ಕುಳಿತವರಿಂದ ನಿಘಂಟು ಆಗುವುದಿಲ್ಲ.

ಸುದ್ದಿ ಏಕೆ ಹೆದರಿಸುತ್ತದೆ?

ಇಂದಿನ ಪ್ರಸಂಗಗಳಿಗೆ ಸುದ್ದಿಯ ಕೊರತೆಯಿಲ್ಲ. 2020ರ ಕೋವಿಡ್, 2022ರಲ್ಲಿ ಯುಕ್ರೇನಿನ ಮೇಲೆ ರಷ್ಯದ ದಾಳಿ, 2023ರ ಫೆಬ್ರುವರಿಯಲ್ಲಿ ತುರ್ಕಿ–ಸಿರಿಯಾ ಭೂಕಂಪ, ಅದೇ ಅಕ್ಟೋಬರಿನಿಂದ ಗಾಜಾದ ಯುದ್ಧ. ಎಲ್ಲವೂ ಅಂಗೈಯ ಫೋನಿಗೇ ಬಂದು ಬೀಳುತ್ತವೆ. ಶನಿವಾರ ಫೋನಿನಲ್ಲಿ ಕಂಡದ್ದು ಭಾನುವಾರ ಬೋಧಪೀಠದಿಂದ ಕೇಳಿಬಂದರೆ ಅದಕ್ಕೆ ದೇವರ ಮುದ್ರೆ ಬಿದ್ದಂತಾಗುತ್ತದೆ.

ಮನಸ್ಸಿನ ಒಂದು ಸ್ವಭಾವವನ್ನು ಏಮಸ್ ಟ್ವೆರ್ಸ್ಕಿ ಮತ್ತು ಡೇನಿಯಲ್ ಕಾನೆಮನ್ ಎಂಬ ಮನೋವಿಜ್ಞಾನಿಗಳು 1973ರಲ್ಲಿ ವಿವರಿಸಿದರು. ಯಾವುದು ಥಟ್ಟನೆ ನೆನಪಿಗೆ ಬರುತ್ತದೋ ಅದೇ ಹೆಚ್ಚು ನಡೆಯುತ್ತಿದೆ ಎಂದು ಮನುಷ್ಯ ಭಾವಿಸುತ್ತಾನೆ. ದೂರದರ್ಶನವನ್ನು ಹೆಚ್ಚು ನೋಡುವವರು ಲೋಕವನ್ನು ಅದು ಇರುವುದಕ್ಕಿಂತ ಅಪಾಯಕರವೆಂದು ಎಣಿಸುತ್ತಾರೆ ಎಂದು ಅಮೆರಿಕದ ಜಾರ್ಜ್ ಗರ್ಬ್ನರ್ ಅದೇ ದಶಕದಲ್ಲಿ ತೋರಿಸಿದರು. ಪ್ರಸಂಗವೂ ಇದಕ್ಕೆ ಹೊರತಲ್ಲ.

ಭೂಕಂಪದ ಮಾತನ್ನೇ ತೆಗೆದುಕೊಳ್ಳಿ. ‘ಹಿಂದೆಂದೂ ಇಲ್ಲದಷ್ಟು ಭೂಕಂಪಗಳು’ ಎಂಬ ಮಾತು ಆಗಾಗ ಕೇಳಿಬರುತ್ತದೆ. ಬೀದರ್, ಕಲಬುರ್ಗಿ ಕಡೆಯ ಹಿರಿಯರು 1993ರ ಸೆಪ್ಟೆಂಬರ್ 30ರ ಕಿಲಾರಿ ಭೂಕಂಪವನ್ನು ಇಂದಿಗೂ ಮರೆತಿಲ್ಲ. ಅಂಥವರಿಗೆ ಈ ಮಾತು ನಿಜವೆನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ 1900ರಿಂದೀಚಿನ ದಾಖಲೆಗಳ ಪ್ರಕಾರ 7ರಿಂದ 7.9 ತೀವ್ರತೆಯ ಭೂಕಂಪಗಳು ಪ್ರಪಂಚದಲ್ಲಿ ವರ್ಷಕ್ಕೆ ಸರಾಸರಿ 15. 8 ಅಥವಾ ಅದಕ್ಕೂ ಹೆಚ್ಚಿನದು ಸರಾಸರಿ 1. ಒಂದು ವರ್ಷ ಹೆಚ್ಚು, ಇನ್ನೊಂದು ವರ್ಷ ಕಡಿಮೆ. ಹೆಚ್ಚಿರುವುದು ಅವನ್ನು ಅಳೆಯುವ ಉಪಕರಣಗಳು, ಸುದ್ದಿ ಮುಟ್ಟುವ ವೇಗ ಮತ್ತು ನಡುಗುವ ನೆಲದ ಮೇಲೆ ಕಟ್ಟಿಕೊಂಡ ಮನೆಗಳು.

ಪ್ರಸಂಗದಲ್ಲಿ ಬಾರದ ಸುದ್ದಿಯೂ ಇದೆ. ಐದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದ ಮಕ್ಕಳ ಸಂಖ್ಯೆ 1990ರಲ್ಲಿ ಜಗತ್ತಿನಾದ್ಯಂತ 1 ಕೋಟಿ 20 ಲಕ್ಷಕ್ಕೂ ಹೆಚ್ಚು. 2022ರಲ್ಲಿ ಅದು 49 ಲಕ್ಷಕ್ಕೆ ಇಳಿಯಿತು. ಸಿಡುಬು ಭೂಮಿಯಿಂದಲೇ ಅಳಿಯಿತೆಂದು 1980ರಲ್ಲಿ ಘೋಷಣೆಯಾಯಿತು. 49 ಲಕ್ಷ ಸಣ್ಣ ಸಂಖ್ಯೆಯಲ್ಲ, ಯುದ್ಧಗಳೂ ಸುಳ್ಳಲ್ಲ. ಲೋಕ ಚೆನ್ನಾಗಿಯೇ ಇದೆ ಎಂದು ಯಾರೂ ಹೇಳಬೇಕಾಗಿಲ್ಲ. ಆದರೆ ಅರ್ಧ ಲೆಕ್ಕವನ್ನು ಪೂರ್ಣ ಲೆಕ್ಕವೆಂದು ಮಕ್ಕಳ ಕೈಗೆ ಕೊಡುವುದು ನ್ಯಾಯವಲ್ಲ.

ಗ್ರಂಥದಲ್ಲೇ ಇರುವ ಉತ್ತರ

ಇದಕ್ಕೆ ಚರ್ಚಿನ ಹೊರಗೆ ಉತ್ತರ ಹುಡುಕಬೇಕಾಗಿಲ್ಲ. ಯುದ್ಧಗಳ ಸುದ್ದಿಯ ಮಾತು ಬರುವುದು ಮತ್ತಾಯನ ಸುವಾರ್ತೆಯ 24ನೆಯ ಅಧ್ಯಾಯದಲ್ಲಿ. ಅಂಥ ಸುದ್ದಿ ಕೇಳಿ ಕಳವಳಪಡಬೇಡಿ, ಅದಿನ್ನೂ ಕೊನೆಯಲ್ಲ ಎಂಬ ಅರ್ಥದ ಮಾತೂ ಅದೇ ವಾಕ್ಯದಲ್ಲಿದೆ. ಆ ದಿನ, ಆ ಗಳಿಗೆ ಯಾರಿಗೂ ತಿಳಿಯದೆಂಬುದು ಅದೇ ಅಧ್ಯಾಯದ 36ನೆಯ ವಾಕ್ಯದ ತಾತ್ಪರ್ಯ. ಥೆಸಲೋನಿಕದ ಸಭೆಯವರು, ಆ ದಿನ ಬಂದೇಬಿಟ್ಟಿದೆ ಎಂಬ ಮಾತು ಕೇಳಿ ಬೆದರಿದಾಗ ಪೌಲನು ಬರೆದ ಪತ್ರವೂ ಇದೆ. ಮನಸ್ಸು ಕದಡಿಕೊಳ್ಳಬೇಡಿ ಎಂದು ಆತ ತಿಳಿಹೇಳಿದ. ದುಡಿಯದೆ ಅಲೆಯುತ್ತಿದ್ದವರಿಗೆ ದುಡಿದು ತಿನ್ನಿರೆಂದು ಅದೇ ಪತ್ರದಲ್ಲಿ ತಾಕೀತು ಮಾಡಿದ. ಯುದ್ಧ, ಭೂಕಂಪಗಳ ಅರ್ಧ ವಾಕ್ಯವನ್ನು ಓದಿ, ಕಳವಳ ಬೇಡವೆಂಬ ಇನ್ನರ್ಧವನ್ನು ಬಿಡುವುದು ಗ್ರಂಥಕ್ಕೂ ಸಲ್ಲದ ಕೆಲಸ.

ಬೋಧಿಸುವವರು ಸುದ್ದಿಯನ್ನು ಮುಟ್ಟಲೇಬಾರದೆ? ಹಾಗೇನಿಲ್ಲ. ಪ್ರತಿ ಆರಾಧನೆಯಲ್ಲೂ ಲೋಕಕ್ಕಾಗಿ ಮಾಡುವ ವಿಜ್ಞಾಪನೆಯ ಪ್ರಾರ್ಥನೆ ಇದೆ. ಯುದ್ಧದ ಸುದ್ದಿಗೆ ತಕ್ಕ ಜಾಗ ಅದು. ಅಲ್ಲಿ ಸತ್ತವರು ‘ಗುರುತು’ ಆಗುವುದಿಲ್ಲ, ಮನುಷ್ಯರಾಗಿಯೇ ಉಳಿಯುತ್ತಾರೆ. ಭೂಕಂಪದ ಮಾತಾಡಿದ ದಿನ ಪರಿಹಾರ ನಿಧಿಗೆ ಕಾಣಿಕೆ ಎತ್ತಿದರೆ, ಕೇಳಿದ ಹುಡುಗನ ಕೈಗೆ ಮಾಡಲು ಒಂದು ಕೆಲಸ ಸಿಗುತ್ತದೆ. ಪ್ರಸಂಗ ಮುಗಿದ ಮೇಲೆ ಯುವಜನರ ನಡುವೆ ಕುಳಿತು ‘ನಿಮಗೇನನ್ನಿಸಿತು?’ ಎಂದು ಕೇಳುವ ಸಭಾಪಾಲಕರು ಸ್ಟಾಕ್‌ಮನ್ನರ ಕೆಲಸವನ್ನೇ ಮಾಡಿದಂತೆ.

ಕೇಳುವ ಯುವಜನರೂ ತಮ್ಮನ್ನು ತಾವೇ ಮೂರು ಪ್ರಶ್ನೆ ಕೇಳಿಕೊಳ್ಳಬಹುದು. ಇದೇ ಮಾತನ್ನು ಹಿಂದೆ ಯಾವ ಸುದ್ದಿಯ ಮೇಲೆ ಹೇಳಿದ್ದರು, ಆಮೇಲೆ ಏನಾಯಿತು? ಈ ಸಂಖ್ಯೆ ನಿಜವೆ, ಹಿಂದಿಗಿಂತ ಹೆಚ್ಚೋ ಕಡಿಮೆಯೋ? ಈ ಸುದ್ದಿಯ ವಿಷಯದಲ್ಲಿ ಈ ವಾರ ತನ್ನಿಂದ ಆಗುವ ಕೆಲಸ ಏನು? ಹೀಗೆ ಕೇಳುವುದು ಅವಿಶ್ವಾಸವಲ್ಲ.

ಭಯ ಅಷ್ಟಕ್ಕೂ ಬಗ್ಗದಿದ್ದರೆ, ನಿದ್ದೆ ಕೆಟ್ಟು ಊಟ ಸೇರದೆ ವಾರಗಟ್ಟಲೆ ಕಳೆದರೆ, ಅದನ್ನು ಪಾಪವೆಂದೋ ಅಲ್ಪನಂಬಿಕೆಯೆಂದೋ ಮುಚ್ಚಿಡಬಾರದು. ಜ್ವರಕ್ಕೆ ವೈದ್ಯರಿರುವಂತೆ ಆತಂಕಕ್ಕೂ ಇದ್ದಾರೆ. ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನದಲ್ಲಿ 2022ರ ಅಕ್ಟೋಬರಿನಲ್ಲಿ ಆರಂಭವಾದ ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ತಂದೆತಾಯಂದಿರು ಮಾಡಬೇಕಾದದ್ದು ಇಷ್ಟೇ: ಮಗ ‘ಲೋಕ ಮುಗಿಯುತ್ತದೆಯೇ?’ ಎಂದು ಕೇಳಿದಾಗ ನಗಬಾರದು. ಆ ಪ್ರಶ್ನೆ ಬಾಯಿಗೆ ಬರುವ ಮೊದಲು ಎಷ್ಟೋ ರಾತ್ರಿ ಒಳಗೇ ಕುದಿದಿರುತ್ತದೆ.

ಕೊನೆಗೆ, 1780ರ ಕತ್ತಲ ದಿನದ ಒಂದು ಪ್ರಸಂಗ. ಅಂದು ಕನೆಕ್ಟಿಕಟ್ ಸಂಸ್ಥಾನದ ಶಾಸನಸಭೆ ನಡೆಯುತ್ತಿತ್ತು. ಕತ್ತಲು ಕವಿದಾಗ, ಇದೇ ನ್ಯಾಯತೀರ್ಪಿನ ದಿನವೆಂದು ಹೆದರಿ ಸದಸ್ಯರು ಸಭೆ ಮುಂದೂಡಲು ಹೊರಟರು. ಏಬ್ರಹಾಂ ಡೇವನ್‌ಪೋರ್ಟ್ ಎಂಬ ಹಿರಿಯ ಸದಸ್ಯ ಒಪ್ಪಲಿಲ್ಲ. ಇದು ಆ ದಿನವಲ್ಲವಾದರೆ ಸಭೆ ನಿಲ್ಲಿಸಲು ಕಾರಣವಿಲ್ಲ; ಆ ದಿನವೇ ಆಗಿದ್ದರೆ ಕರ್ತವ್ಯ ಮಾಡುತ್ತಿರುವಾಗಲೇ ಅದು ಬರಲಿ, ಮೇಣದ ಬತ್ತಿ ತರಿಸಿ ಎಂಬುದು ಅವನ ಮಾತಿನ ಸಾರ. ಆತನೂ ದೇವಭಕ್ತನೇ. ಅವನ ಭಕ್ತಿ ಅವನನ್ನು ಕುರ್ಚಿಯಿಂದ ಎಬ್ಬಿಸಿ ಓಡಿಸಲಿಲ್ಲ, ಕೆಲಸದಲ್ಲಿ ಕೂರಿಸಿತು. ಭಾನುವಾರ ಕೇಳಿದ ಪ್ರಸಂಗ ಹೇಗಿತ್ತೆಂದು ಅಳೆಯಲು ಬೇರೆ ಮಾನದಂಡ ಬೇಕಿಲ್ಲ. ಸೋಮವಾರ ಬೆಳಿಗ್ಗೆ ಆ ಹುಡುಗ ಪುಸ್ತಕ ತೆರೆದನೇ ಎಂದು ನೋಡಿದರೆ ಸಾಕು.